ಹುಟ್ಟಿದ್ದು ಜೈಲಿನಲ್ಲಿ, ನೀರೆರೆದದ್ದು ಊರಿಗೆಲ್ಲ

ಬೆಳಗಿನ ಐದೂಮುಕ್ಕಾಲು. ಮಧುರೆ ಹೋಬಳಿಯ ಹುಣಸೆಪಾಳ್ಯದಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಬಾಣಂತಿ ಸಿಂಚನಾಳ ಮನೆಯ ಬಚ್ಚಲಲ್ಲಿ ಮಾತ್ರ ಒಲೆ ಉರಿಯುತ್ತಿದೆ, ಹಂಡೆಯ ನೀರು ಸಣ್ಣಗೆ ಸದ್ದು ಮಾಡುತ್ತಿದೆ. ಎಂಬತ್ತೆರಡು ವರ್ಷದ ಪಿಳ್ಳಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಣೆಯ ಮೇಲೆ ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿದ್ದಾರೆ. ಆ ಕಾಲುಗಳ ಮೇಲೆ ಇಪ್ಪತ್ತಾರು ದಿನದ ಗಂಡು ಕೂಸು ಬೋರಲು ಮಲಗಿ ಊರೆಲ್ಲ ಏಳುವ ಹಾಗೆ ಕಿರುಚುತ್ತಿದೆ. ಪಿಳ್ಳಮ್ಮನ ಮುಖದಲ್ಲಿ ಗಡಿಬಿಡಿಯಿಲ್ಲ. ಬಲಗೈ ಹೆಬ್ಬೆರಳಿನಿಂದ ಕೂಸಿನ ಬೆನ್ನಹುರಿಯ ಅಕ್ಕಪಕ್ಕ ಎಣ್ಣೆ ತಿಕ್ಕುತ್ತಿದ್ದಾರೆ. ಎಡಗೈ ಅದರ ಎದೆಯ ಕೆಳಗಿದೆ.

"ಅಳಪ್ಪ, ಅಳು. ಗಂಟಲು ಬಲವಾಗ್ಲಿ. ನಾಳೆ ದಿನ ನಿನ್ನ ಮಾತು ನಾಲ್ಕು ಜನ ಕೇಳಬೇಕಲ್ವಾ?" ಎನ್ನುತ್ತಾರೆ ಕೂಸಿಗೆ. ಆಮೇಲೆ ಪಕ್ಕದಲ್ಲಿ ನಿಂತ ನನ್ನತ್ತ ತಿರುಗಿ, "ನೀವು ಬಾಗಿಲಿಗೆ ಅಡ್ಡ ನಿಂತ್ಕೊಳ್ಳಿ ಕಣಮ್ಮ, ಗಾಳಿ ಬರ್ತದೆ" ಎಂದು ಅಪ್ಪಣೆ ಕೊಡುತ್ತಾರೆ. ನಾನು ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ.

ಮೊಣಕೈ ಅದ್ದಿ ನೀರಿನ ಬಿಸಿ ನೋಡುತ್ತಾರೆ. ಇನ್ನರ್ಧ ಚೊಂಬು ತಣ್ಣೀರು ಬೆರೆಸುತ್ತಾರೆ. ಮತ್ತೆ ಮೊಣಕೈ. ಆಮೇಲೆ ಅಂಗೈಯನ್ನು ಕೂಸಿನ ಹಣೆಯ ಮೇಲೆ ಚಾವಣಿಯ ಹಾಗೆ ಹಿಡಿದು ನೀರು ಹೊಯ್ಯುತ್ತಾರೆ. ಒಂದು ಹನಿಯೂ ಕಣ್ಣಿಗೆ ಹೋಗುವುದಿಲ್ಲ. ಎಂಟು ನಿಮಿಷದಲ್ಲಿ ಸ್ನಾನ ಮುಗಿದು, ಸಾಂಬ್ರಾಣಿ ಹೊಗೆ ಕುಡಿದು, ಹಳೆ ಸೀರೆಯ ತುಂಡಿನಲ್ಲಿ ಸುತ್ತಿಸಿಕೊಂಡ ಕೂಸು ನಿದ್ದೆ ಹೋಗಿದೆ. ಅದನ್ನು ಸಿಂಚನಾಳ ತೋಳಿಗೆ ಕೊಟ್ಟು, ಈಗ ಬಾಣಂತಿಯ ಸರದಿ ಎನ್ನುವ ಹಾಗೆ ಹಂಡೆಯತ್ತ ನೋಡುತ್ತಾರೆ.

ಪಿಳ್ಳಮ್ಮ ದಿನಕ್ಕೆ ಮೂರು ಮನೆ ಮಾಡುತ್ತಾರೆ. ಮೂರು ಕೂಸು, ಮೂವರು ಬಾಣಂತಿಯರು. ಮನೆಯಿಂದ ಮನೆಗೆ ನಡೆದೇ ಹೋಗುತ್ತಾರೆ. ಮೂರೂ ಸೇರಿ ಸುಮಾರು ನಾಲ್ಕು ಕಿಲೋಮೀಟರ್. ಒಂದು ಮನೆಗೆ ನಲವತ್ತು ದಿನದ ಲೆಕ್ಕ. ಹದಿನಾಲ್ಕನೇ ವಯಸ್ಸಿನಲ್ಲಿ ಅಮ್ಮನ ಜೊತೆ ಹೋಗಿ ಕಲಿತ ಕೆಲಸ ಇದು. ಎಷ್ಟು ಕೂಸುಗಳಿಗೆ ನೀರು ಹಾಕಿರಬಹುದು ಎಂದರೆ ನಗುತ್ತಾರೆ. ಮಧುರೆಯ ಆರೋಗ್ಯ ಕೇಂದ್ರದ ನರ್ಸ್ ಶಾಝಿಯಾ ಒಮ್ಮೆ ಊರೂರಿನ ಮನೆಗಳನ್ನು ನೆನಪು ಮಾಡಿಸಿ ಅಂದಾಜು ಹಾಕಿದ್ದರಂತೆ: ಎರಡು ಸಾವಿರಕ್ಕೆ ಹತ್ತಿರ. ಹಿಂದೆ, ಆಸ್ಪತ್ರೆ ದೂರವಿದ್ದ ಕಾಲದಲ್ಲಿ, ಹೆರಿಗೆಯನ್ನೂ ಅವರೇ ಮಾಡಿಸುತ್ತಿದ್ದರು. ಅವುಗಳ ಲೆಕ್ಕ ಅವರಿಗೆ ಗೊತ್ತಿಲ್ಲ. ಕೈತಪ್ಪಿದವು ಮಾತ್ರ ಗೊತ್ತು.

"ಹನ್ನೊಂದು," ಎನ್ನುತ್ತಾರೆ ತಕ್ಷಣ. "ಹೆಸರಿಡೋ ಮುಂಚೇನೇ ಹೋದ ಕೂಸುಗಳು. ಯಾವ ಮನೆ, ಯಾವ ತಿಂಗಳು, ಎಲ್ಲಾ ಹೇಳ್ತೀನಿ. ಬದುಕಿದೋವು ಓಡಾಡ್ಕೊಂಡಿರ್ತವೆ, ಅವನ್ನ ನಾನ್ಯಾಕೆ ಎಣಿಸ್ಲಿ?"

ಶಾಝಿಯಾ ಇಲ್ಲಿಗೆ ಬಂದು ಹತ್ತು ವರ್ಷವಾಯಿತು. ಬಂದ ಹೊಸದರಲ್ಲಿ ಪಿಳ್ಳಮ್ಮನ ಮೇಲೆ ಅವರಿಗೆ ಸಿಟ್ಟಿತ್ತು. "ಕೂಸಿನ ಮೂಗಿಗೆ ಎಣ್ಣೆ ಬಿಡ್ತಿದ್ರು. ಬಿಡಬಾರದು ಅಜ್ಜಿ, ಶ್ವಾಸಕೋಶಕ್ಕೆ ಹೋಗ್ತದೆ ಅಂತ ಹೇಳ್ದೆ. ಜಗಳ ಆಡ್ತಾರೆ ಅಂದ್ಕೊಂಡಿದ್ದೆ. ಅವರು, 'ಹಂಗಾದ್ರೆ ನಾನು ಇಷ್ಟು ದಿನ ತಪ್ಪು ಮಾಡ್ದೆ' ಅಂದ್ರು. ಮಾರನೇ ದಿನದಿಂದ ನಿಲ್ಲಿಸಿಬಿಟ್ರು. ಎಪ್ಪತ್ತು ದಾಟಿದೋರು ಹಂಗೆ ಬದಲಾಗೋದು ನಾನು ನೋಡೇ ಇರ್ಲಿಲ್ಲ." ಈಗ ಹಾಲು ಕಟ್ಟಿಕೊಂಡ ಬಾಣಂತಿ ಬಂದರೆ ಶಾಝಿಯಾ ಮೊದಲು ಫೋನ್ ಮಾಡುವುದು ಪಿಳ್ಳಮ್ಮನಿಗೆ.

ಇಷ್ಟನ್ನು ಬರೆದುಕೊಂಡು ಹೊರಡುವವಳಿದ್ದೆ. ನೀರು ಹಾಕುವ ಅಜ್ಜಿಯ ಬಗ್ಗೆ ಪತ್ರಿಕೆಗೆ ಒಂದು ಪುಟ ಎಂದುಕೊಂಡೇ ಬಂದಿದ್ದು. ಕೊನೆಯಲ್ಲಿ, ಅಭ್ಯಾಸಬಲದಿಂದ, ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದೆ: ನೀವು ಹುಟ್ಟಿದ್ದು ಎಲ್ಲಿ?

"ಜೈಲಲ್ಲಿ," ಎಂದರು ಪಿಳ್ಳಮ್ಮ, ಕೈಯ ಎಣ್ಣೆ ಒರೆಸಿಕೊಳ್ಳುತ್ತ. ಪಕ್ಕದೂರಿನ ಆಸ್ಪತ್ರೆಯ ಹೆಸರು ಹೇಳಿದಷ್ಟೇ ಸಲೀಸಾಗಿ.

ಸಿಂಚನಾಳ ಮನೆಯ ಜಗಲಿಯ ಮೇಲೆ ಕಾಫಿ ಬಂತು. ನಾನು ಮತ್ತೆ ಕೂತೆ.

ಅದು 1942. ಯುದ್ಧ ನಡೆಯುತ್ತಿದ್ದ ಕಾಲ. ಪಿಳ್ಳಮ್ಮನ ತಾಯಿ ಅಮ್ಮಯಮ್ಮನಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಗಂಡ ಪಾಪಯ್ಯ ಬೆಂಗಳೂರಿನಲ್ಲಿ ಮಿಲಿಟರಿಯವರ ಶೆಡ್ಡು ಕಟ್ಟುವ ಕೂಲಿಗೆ ಹೋಗಿದ್ದರು, ತಿಂಗಳಿಗೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಅತ್ತೆ ಮತ್ತು ಮೂರು ವರ್ಷದ ಮಗ ದೇವರಾಜ್. ಆ ವರ್ಷ ಆಗಸ್ಟ್‌ನಲ್ಲಿ 'ಭಾರತ ಬಿಟ್ಟು ತೊಲಗಿ' ಎಂಬ ಕೂಗು ಎದ್ದಾಗ ಹಳ್ಳಿಗಳಿಗೆ ಸುದ್ದಿ ಬರುತ್ತಿದ್ದದ್ದು ಕರಪತ್ರಗಳಲ್ಲಿ. ದೊಡ್ಡಬಳ್ಳಾಪುರದ ಸಂತೆಯಿಂದ ಅವನ್ನು ತರುವ ಗಂಡಸರನ್ನು ಪೊಲೀಸರು ದಾರಿಯಲ್ಲೇ ತಡೆದು ಜೇಬು ನೋಡುತ್ತಿದ್ದರು. ಸೊಂಟದ ಮೇಲೆ ಮಗು, ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತ ಹೆಂಗಸನ್ನು ಯಾರೂ ತಡೆಯುತ್ತಿರಲಿಲ್ಲ. ಅಮ್ಮಯಮ್ಮ ಕರಪತ್ರಗಳನ್ನು ಗಡಿಗೆಯ ಕೆಳಗಿಡುವ ಬಟ್ಟೆಯ ಸಿಂಬಿಯೊಳಗೆ ಸುತ್ತಿಕೊಂಡು ತರುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಊರಲ್ಲಿ ಓದುಬಲ್ಲ ಇಬ್ಬರು ಹುಡುಗರಿಂದ ಓದಿಸಿ ಕೇಳುತ್ತಿದ್ದರು.

ದೀಪಾವಳಿಯ ಹೊತ್ತಿಗೆ ಸರ್ಕಾರದ ಗಾಡಿಗಳು ಬಂದವು. ಯುದ್ಧದ ಕಾಲದ ಕಾನೂನಿನಂತೆ ಪ್ರತಿ ಮನೆಯೂ ಇಂತಿಷ್ಟು ರಾಗಿ ಕೊಡಬೇಕು. ಮನೆಯೊಳಗಿನದು ಸಾಲದಾದಾಗ ಹಗೇವು ತೆಗೆಸಿದರು. ನೆಲದಡಿಯ ಆ ಗುಳಿಗಳಲ್ಲಿ ಮುಂದಿನ ವರ್ಷದ ಬಿತ್ತನೆಯ ರಾಗಿ ಇತ್ತು. ಗಂಡಸರು ಅಧಿಕಾರಿಯ ಜೊತೆ ಮಾತಾಡುತ್ತ ನಿಂತಿದ್ದಾಗ ಅಮ್ಮಯಮ್ಮ ಹೋಗಿ ಮೊದಲನೇ ಗಾಡಿಯ ಎತ್ತುಗಳ ಮುಂದೆ ನೆಲದ ಮೇಲೆ ಕೂತುಬಿಟ್ಟರು. ನಾಲ್ಕು ತಿಂಗಳ ಬಸುರಿ. ಅವರ ಹಿಂದೆ ಇನ್ನೂ ಆರು ಜನ ಹೆಂಗಸರು ಬಂದು ಕೂತರು. ಗಾಡಿಗಳು ಮಧ್ಯಾಹ್ನದವರೆಗೆ ಕದಲಲಿಲ್ಲ. ಆಮೇಲೆ ಪೊಲೀಸರು ಬಂದರು.

ಏಳೂ ಜನರಿಗೆ ಆರು ತಿಂಗಳ ಶಿಕ್ಷೆ, ದಂಡ ಕಟ್ಟದಿದ್ದರೆ ಇನ್ನೆರಡು ತಿಂಗಳು. ಬೆಂಗಳೂರಿನ ಜೈಲಿಗೆ ಕಳಿಸಿದರು. ಎರಡು ವಾರ ಕಳೆಯುವುದರೊಳಗೆ ಆರು ಜನ ಮುಚ್ಚಳಿಕೆ ಬರೆದುಕೊಟ್ಟು ಊರಿಗೆ ಬಂದರು. ನಾವು ಮಾಡಿದ್ದು ತಪ್ಪು, ಇನ್ನು ಮಾಡುವುದಿಲ್ಲ ಎಂಬ ಕಾಗದ ಅದು. ಪಿಳ್ಳಮ್ಮ ಅವರ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡುವುದಿಲ್ಲ. "ಅವರ ಮನೇಲೂ ಮಕ್ಕಳಿದ್ವು. ಅವರು ಬಂದಿದ್ದು ಸರಿ. ನಮ್ಮಮ್ಮ ಬರದೇ ಇದ್ದದ್ದೂ ಸರಿ. ಎರಡೂ ಸರಿ ಅನ್ನೋದು ಅರ್ಥ ಆಗೋಕೆ ನನಗೆ ಬಹಳ ವರ್ಷ ಹಿಡೀತು."

ಅಮ್ಮಯಮ್ಮನ ಮುಂದೆಯೂ ಆ ಕಾಗದ ಬಂತು. ಒಂದು ಸಲವಲ್ಲ, ನಾಲ್ಕು ಸಲ. ಹೆಬ್ಬೆಟ್ಟು ಒತ್ತು, ಮನೆಗೆ ಹೋಗಿ ಹೆರು ಎಂದರಂತೆ. ಅವರು ಕೊಟ್ಟ ಉತ್ತರವನ್ನು ಪಿಳ್ಳಮ್ಮ ತಾಯಿಯದೇ ಧಾಟಿಯಲ್ಲಿ ಹೇಳುತ್ತಾರೆ: "ಬಿತ್ತನೆ ರಾಗಿ ತಗೊಂಡೋಗಿದ್ದು ತಪ್ಪು ಅಂತ ನೀವು ಮೊದ್ಲು ಬರ್ಕೊಡಿ. ಅದರ ಕೆಳಗೆ ನಾನು ಹೆಬ್ಬೆಟ್ಟು ಒತ್ತೀನಿ."

ಯುಗಾದಿಯಾಗಿ ಹತ್ತು ದಿನಕ್ಕೆ, ಮಧ್ಯಾಹ್ನದ ಗಂಜಿ ಹಂಚುವ ಹೊತ್ತಿಗೆ, ನೋವು ಕಾಣಿಸಿಕೊಂಡಿತು. ಡಾಕ್ಟರ್ ಸಂಜೆ ಬರುತ್ತಾರೆ ಎಂದರು. ಹೆಂಗಸರ ಬ್ಯಾರಕ್ಕಿನಲ್ಲಿ ಚಳವಳಿಯವರು ಐದು ಜನ ಇದ್ದರು. ಉಳಿದವರೆಲ್ಲ ಬೇರೆ ಬೇರೆ ಅಪರಾಧಗಳಿಗೆ ಬಂದ ಕೈದಿಗಳು. ಆ ಕೈದಿಗಳಲ್ಲಿ ಒಬ್ಬಾಕೆ ಶಂಶುನ್ನೀಸಾ. ನಲವತ್ತರ ಹತ್ತಿರದವಳು, ಹೊಸಕೋಟೆ ಕಡೆಯವಳು. ದಖನಿ ಉರ್ದು ಮಾತಾಡುತ್ತಿದ್ದಳು, ಸಂತೆಯಲ್ಲಿ ಕಲಿತ ಕನ್ನಡವೂ ಬರುತ್ತಿತ್ತು. ಏನು ಮಾಡಿ ಬಂದಿದ್ದಳು? "ಅಮ್ಮ ಯಾವತ್ತೂ ಹೇಳ್ಲಿಲ್ಲ. ಅದನ್ನೆಲ್ಲ ಕೇಳಬಾರದು ಅಂದ್ಳು." ಶಂಶುನ್ನೀಸಾ ಯಾರ ಅಪ್ಪಣೆಗೂ ಕಾಯಲಿಲ್ಲ. ಗಂಜಿಯ ಹಂಡೆಯ ಬಿಸಿನೀರನ್ನು ಕೇಳಿ ಪಡೆದು, ಹೊಲಿಗೆ ಕೋಣೆಯ ಕತ್ತರಿಯನ್ನು ಅದರಲ್ಲಿ ಕುದಿಸಿ, ಎರಡು ಕಂಬಳಿ ಅಡ್ಡ ಹಿಡಿಸಿ ಹೆರಿಗೆ ಮಾಡಿಸಿದಳು. ಡಾಕ್ಟರ್ ಬರುವಷ್ಟರಲ್ಲಿ ಕೂಸು ಅವಳ ಕಾಲಮೇಲೆ ಮಲಗಿ ನೀರು ಹಾಕಿಸಿಕೊಂಡಿತ್ತು. ಪಿಳ್ಳಾ, ಪಿಳ್ಳಾ ಎಂದು ಬ್ಯಾರಕ್ಕೆಲ್ಲ ಕರೆಯಿತು. ಅದೇ ಹೆಸರಾಯಿತು. ನಾಮಕರಣ ಬೇರೆ ಆಗಲಿಲ್ಲ.

ಆದರೆ ಅಮ್ಮಯಮ್ಮನಿಗೆ ಕೂಸಿಗೆ ಸಾಲುವಷ್ಟು ಹಾಲು ಬರಲಿಲ್ಲ. ಬರೀ ಗಂಜಿ ತಿಂದ ಮೈ. ಕೂಸಿಗೆ ದಿನಕ್ಕಿಷ್ಟು ಹಾಲು, ಮೈಗೆ ಎಣ್ಣೆ, ಬಾಣಂತಿಗೆ ಬಿಸಿನೀರು ಕೊಡಿ ಎಂದು ಚಳವಳಿಯವರು ಬರೆದುಕೊಟ್ಟರು. ಉತ್ತರ ಬರಲಿಲ್ಲ. ಏಳನೇ ದಿನ ಕೂಸಿನ ಅಳು ನಿಂತಿತು. ಅಳುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಎಂಟನೇ ದಿನ ಬೆಳಿಗ್ಗೆ ಚಳವಳಿಯ ಐವರು ಹೆಂಗಸರು ಗಂಜಿ ಬೇಡ ಎಂದು ತಟ್ಟೆ ಮಗುಚಿದರು. ಅವರು ಹಾಗೆ ಮಾಡುತ್ತಾರೆ ಎಂದು ಅಧಿಕಾರಿಗಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಮುಂದೆ ಆದದ್ದು. ಸಾಲಿನ ಕೊನೆಯಲ್ಲಿ ನಿಂತಿದ್ದ ಶಂಶುನ್ನೀಸಾ ತನ್ನ ತಟ್ಟೆಯನ್ನೂ ಮಗುಚಿ ಕೂತಳು. ಅವಳ ಪಕ್ಕದವಳು ಕೂತಳು. ಆಮೇಲೆ ಇನ್ನೊಬ್ಬಳು. ಬ್ಯಾರಕ್ಕಿನ ಮೂವತ್ತೊಂದು ಹೆಂಗಸರಲ್ಲಿ ಒಬ್ಬರೂ ಅಂದು ಉಣ್ಣಲಿಲ್ಲ. ಚಳವಳಿಯವರಿಗೆ ಹೊರಗೆ ಹೆಸರಿತ್ತು, ಪತ್ರಿಕೆಯಿತ್ತು. ಈ ಕೈದಿಗಳಿಗೆ ಏನಿತ್ತು? ಶಿಕ್ಷೆ ಹೆಚ್ಚಾಗುವ ಭಯ ಒಂದಿತ್ತು. ಆದರೂ ನಾಲ್ಕು ದಿನ ಕೂತರು.

ಐದನೇ ದಿನ ಕೂಸಿನ ಹೆಸರಿಗೆ ಅರ್ಧ ಸೇರು ಹಾಲು, ಒಂದು ಬಟ್ಟಲು ಎಣ್ಣೆ ಮಂಜೂರಾಯಿತು.

ಇದನ್ನು ಹೇಳುವಾಗ ಪಿಳ್ಳಮ್ಮ ನನ್ನನ್ನು ನೋಡುತ್ತಿಲ್ಲ, ಬೀದಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವ ಬೈಕುಗಳನ್ನು ನೋಡುತ್ತಿದ್ದಾರೆ. "ಮೂವತ್ತೊಂದು ಜನ ಉಪವಾಸ ಇದ್ರು ಕಣಮ್ಮ, ನಾನೊಬ್ಳು ಕುಡೀಲಿ ಅಂತ. ದೇಶಕ್ಕೆ ಸ್ವಾತಂತ್ರ್ಯ ಬರೋದು ಇನ್ನೂ ನಾಲ್ಕು ವರ್ಷ ಇತ್ತು. ನನಗೆ ಅರ್ಧ ಸೇರು ಹಾಲು ಮುಂಚೇನೇ ಬಂದಿತ್ತು."

ಜುಲೈ ತಿಂಗಳಲ್ಲಿ ಅಮ್ಮಯಮ್ಮ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಊರಿಗೆ ಬಂದರು. ಅಂಗಳದಲ್ಲಿ ಆಡುತ್ತಿದ್ದ ದೇವರಾಜ್ ತಾಯಿಯನ್ನು ನೋಡಿ ಅಜ್ಜಿಯ ಸೀರೆಯ ಹಿಂದೆ ಅವಿತುಕೊಂಡ. ಎಂಟು ತಿಂಗಳು ಅವನಿಗೆ ಬಹಳ ದೊಡ್ಡ ಕಾಲ. ಅಷ್ಟರಲ್ಲಿ ಅವನು ಅಜ್ಜಿಯನ್ನೇ ಅಮ್ಮ ಎನ್ನಲು ಕಲಿತಿದ್ದ. ಅದನ್ನು ಬದಲಾಯಿಸಲಿಲ್ಲ. ಹೆತ್ತವಳು ಇರುವವರೆಗೂ ಅವನು ಅವಳನ್ನು ಏನೆಂದೂ ಕರೆಯಲಿಲ್ಲ. ಮಾತಾಡಬೇಕಾದಾಗ ಎದುರಿಗೆ ಬಂದು ನಿಂತು ಮಾತಾಡುತ್ತಿದ್ದ.

ಊರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಜೈಲಿನಲ್ಲಿ ಹೆತ್ತವಳು, ಯಾರ ಯಾರ ಕೈಯ ನೀರು ಕುಡಿದವಳೋ ಎಂದು ತೊಟ್ಟಿಲ ಶಾಸ್ತ್ರಕ್ಕೆ, ಸೀಮಂತಕ್ಕೆ ಕರೆಯುವುದನ್ನು ಬಿಟ್ಟರು. ಅಮ್ಮಯಮ್ಮ ಅಳುತ್ತ ಕೂರಲಿಲ್ಲ. ಶಂಶುನ್ನೀಸಾಳ ಕೈ ನೋಡಿ ಕಲಿತದ್ದು ಅವರಿಗೆ ನೆನಪಿತ್ತು. ಹೆರಿಗೆಗೆ ಯಾರೂ ಹೋಗದ ಮನೆಗಳಿಗೆ, ಕೇರಿಯ ಹೆಂಗಸರಿಗೆ, ಸಾಬರ ಬೀದಿಗೆ ಮೊದಲು ಹೋದರು. ಅವರ ಕೈಯಲ್ಲಿ ಕೂಸುಗಳು ಉಳಿಯುತ್ತವೆ ಎಂಬುದು ಗೊತ್ತಾಗುತ್ತಲೇ, ಐದಾರು ವರ್ಷದಲ್ಲಿ, ತೊಟ್ಟಿಲ ಶಾಸ್ತ್ರಕ್ಕೆ ಕರೆಯದಿದ್ದ ಮನೆಗಳವರೂ ಬಾಗಿಲಿಗೆ ಬಂದರು. ಯಾರಿಗೂ ಇಲ್ಲ ಎನ್ನಲಿಲ್ಲ.

ಮಗಳಿಗೆ ಮಾತ್ರ ಇದೆಲ್ಲ ದೊಡ್ಡತನ ಅನ್ನಿಸಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಟ್ಟಿದ ಸ್ಥಳ ಕೇಳಿ, ಉತ್ತರ ಕೇಳಿದ ಮೇಲೆ ಪೆನ್ನು ತಡೆದು 'ದೊಡ್ಡಬಳ್ಳಾಪುರ' ಎಂದು ಬರೆದುಕೊಂಡರು. ಇಬ್ಬರು ಗಂಡಿನ ಕಡೆಯವರು ನೋಡಿ ಒಪ್ಪಿ, ಆಮೇಲೆ ಹಿಂದೆ ಸರಿದರು. "ದೇಶ ದೊಡ್ದು ಅಂತ ನನ್ನನ್ನ ಜೈಲಲ್ಲಿ ಹೆತ್ಳು ಅನ್ನೋ ಸಿಟ್ಟು ನನಗೆ ಬಹಳ ಇತ್ತು. ಮುಖಕ್ಕೇ ಅಂದಿದ್ದೀನಿ, 'ನಿನಗೆ ನಾವು ಲೆಕ್ಕಕ್ಕಿರ್ಲಿಲ್ಲ' ಅಂತ. ಅಮ್ಮ ಕೈಯಲ್ಲಿದ್ದ ಕೆಲಸ ಮಾಡ್ಕೊಂಡು ಕೂತಿದ್ಳು." ಮುಂದೆ ಅಪ್ಪಯ್ಯಣ್ಣ ಎಂಬವರ ಜೊತೆ ಮದುವೆಯಾಯಿತು. ಹುಟ್ಟಿದ ಜಾಗದ ವಿಷಯ ಕೇಳಿ ಅವರು, "ನಾನು ಕುರಿ ದೊಡ್ಡಿ ಪಕ್ಕ ಹುಟ್ಟಿದೋನು" ಎಂದಷ್ಟೇ ಹೇಳಿ ನಕ್ಕಿದ್ದರಂತೆ.

ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷವಾದಾಗ ಹೋರಾಟಗಾರರ ಪಟ್ಟಿ ಮಾಡುತ್ತಿದ್ದಾರೆಂದು ಅಮ್ಮಯಮ್ಮ ಒಂದು ಸರ್ಕಾರಿ ಕಚೇರಿಗೆ ಹೋದರು. ಗಂಡನ ಕಾಗದಪತ್ರ ಎಲ್ಲಿ ಎಂದು ಕೇಳಿದರು. ಜೈಲಿಗೆ ಹೋದದ್ದು ನಾನು ಎಂದರು ಅಮ್ಮಯಮ್ಮ. ಅದಕ್ಕೆ ದಾಖಲೆ ಏನಿದೆ ಎಂದರು. ಅವರು ಜೊತೆಯಲ್ಲಿದ್ದ ಮಗಳನ್ನು ತೋರಿಸಿದರು. ಕಚೇರಿಯಲ್ಲಿದ್ದವರು ನಕ್ಕರು. ಮತ್ತೆಂದೂ ಅವರು ಅತ್ತ ಹೋಗಲಿಲ್ಲ. 1989ರಲ್ಲಿ ತೀರಿಕೊಂಡರು.

ಕತೆ ಇಲ್ಲಿಗೆ ಮುಗಿದಿತ್ತು, ಮೂವತ್ತಮೂರು ವರ್ಷ ಹಾಗೇ ಮುಗಿದೇ ಇತ್ತು. 2022ರಲ್ಲಿ ಅಮೃತ ಮಹೋತ್ಸವಕ್ಕೆ ಪಂಚಾಯಿತಿ ಕಟ್ಟಡದ ಮುಂದೆ ಊರಿನ ಹೋರಾಟಗಾರರ ಹೆಸರಿನ ಕಲ್ಲು ನಿಲ್ಲಿಸುವುದೆಂದಾಯಿತು. ಹದಿನಾಲ್ಕು ಹೆಸರು. ಹದಿನಾಲ್ಕೂ ಗಂಡಸರವು. ಹೈಸ್ಕೂಲಿನ ಇತಿಹಾಸದ ಮೇಷ್ಟ್ರು ಬೈರೇಶ್ ಆ ಪಟ್ಟಿ ನೋಡಿದವರು ಸೀದಾ ಪಿಳ್ಳಮ್ಮನ ಮನೆಗೆ ಬಂದರು. ಬೈರೇಶ್ ಹುಟ್ಟಿದ್ದು ಅಮ್ಮಯಮ್ಮನ ಕೈಯಲ್ಲಿ, ಬೆಳೆದದ್ದು ಆ ಗಾಡಿಗಳ ಕತೆ ಕೇಳಿಕೊಂಡು.

ಹೆಸರು ಸೇರಿಸಲು ಪಂಚಾಯಿತಿ ಎರಡು ಸಂಗತಿ ಕೇಳಿತು: ದಾಖಲೆ, ಮತ್ತು ಮಕ್ಕಳೆಲ್ಲರ ಒಪ್ಪಿಗೆಯ ಸಹಿ. ದಾಖಲೆಗಾಗಿ ಬೈರೇಶ್ ರಜೆ ಹಾಕಿ ಬೆಂಗಳೂರಿನ ಹಳೆ ಕಡತಗಳ ಕಚೇರಿಗೆ ಅಲೆಯತೊಡಗಿದರು. ಸಹಿಗಾಗಿ ಪಿಳ್ಳಮ್ಮ ಅಣ್ಣನ ಮನೆಗೆ ಹೋದರು. ದೇವರಾಜ್‌ಗೆ ಆಗ ಎಂಬತ್ತಮೂರು.

"ಆಗಲ್ಲ ಅಂದ. 'ನನ್ನನ್ನ ಸೊಂಟದ ಮೇಲೆ ಹೊತ್ಕೊಂಡು ಕಾಗದ ಸಾಗಿಸಿದ್ಳು. ಕೆಲಸ ಮುಗಿದ್ಮೇಲೆ ಬಿಟ್ಟು ಹೋದ್ಳು. ಕಲ್ಲಲ್ಲಿ ಹೆಸರು ಬರೆಸೋವಂಥದ್ದು ಏನಿದೆ ಅದರಲ್ಲಿ?' ಅಂದ. ನಾನು ಏನು ಹೇಳ್ಲಿ? ಅದನ್ನೇ ನಾನೂ ಅಂದಿದ್ದೋಳು ತಾನೇ."

ಏಳನೇ ಭೇಟಿಯಲ್ಲಿ ಬೈರೇಶ್‌ಗೆ ಜೈಲಿನ ಕಡತ ಸಿಕ್ಕಿತು. 'ಅಮ್ಮಯಮ್ಮ, ಪಾಪಯ್ಯನ ಹೆಂಡತಿ, ವ್ಯವಸಾಯ. ಸಂಗಡ ಹೆಣ್ಣು ಕೂಸು ಒಂದು.' ಅಷ್ಟೇ ಇದ್ದಿದ್ದರೂ ಸಾಕಿತ್ತು. ಆದರೆ ಅದರ ಜೊತೆಗೆ ದಾರ ಹಾಕಿ ಹೊಲಿದ ಮೂರು ಅರ್ಜಿಗಳಿದ್ದವು. ಬ್ಯಾರಕ್ಕಿನಲ್ಲಿದ್ದ ಯಾರೋ ಓದು ಬಲ್ಲವರು ಬರೆದದ್ದು, ಕೆಳಗೆ ಅಮ್ಮಯಮ್ಮನ ಹೆಬ್ಬೆಟ್ಟು. ಬೈರೇಶ್ ಅಲ್ಲೇ ಕೂತು ಓದಿ, ಆ ಸಂಜೆಯೇ ಪ್ರತಿ ತೆಗೆಸಿಕೊಂಡು ಬಂದು, ಪಿಳ್ಳಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ದೇವರಾಜ್ ಅವರ ಮನೆಗೆ ಹೋದರು.

ಮೂರೂ ಅರ್ಜಿಗಳಲ್ಲಿ ಬೇಡಿಕೆ ಒಂದೇ. ತನ್ನ ಮೂರು ವರ್ಷದ ಮಗನನ್ನು ಜೈಲಿಗೆ ಕರೆಸಿ ತನ್ನ ಹತ್ತಿರ ಬಿಡಬೇಕು. ಮೂರಕ್ಕೂ ಉತ್ತರ ಒಂದೇ. ಬಾಲಕನು ಎದೆಹಾಲು ಕುಡಿಯುವ ವಯಸ್ಸಿನವನಲ್ಲವಾದ್ದರಿಂದ ಸಾಧ್ಯವಿಲ್ಲ.

ಬೈರೇಶ್ ಮೂರನೆಯ ಅರ್ಜಿಯನ್ನು ಗಟ್ಟಿಯಾಗಿ ಓದಿದರು. ಅದರ ಪ್ರತಿ ನನಗೂ ತೋರಿಸಿದ್ದಾರೆ. 'ನಾನು ತಪ್ಪು ಮಾಡಿಲ್ಲ, ಆದ್ದರಿಂದ ಕ್ಷಮೆ ಕೇಳಲಾರೆ. ನನ್ನ ಮಗನೂ ತಪ್ಪು ಮಾಡಿಲ್ಲ, ಆದ್ದರಿಂದ ಅವನಿಗೆ ತಾಯಿಯನ್ನು ತಪ್ಪಿಸಬಾರದು. ಅವನ ಎಡಗಿವಿ ಸೋರುತ್ತದೆ. ಆ ಕಡೆ ಒತ್ತಿ ಮಲಗಿಸಿದರೆ ಏಳುತ್ತಾನೆ. ಬಲಮಗ್ಗುಲಿಗೆ ಮಲಗಿಸಬೇಕು. ಇದು ನನ್ನ ಅತ್ತೆಗೆ ತಿಳಿಯದು.'

ದೇವರಾಜ್‌ಗೆ ಎಡಗಿವಿ ಚಿಕ್ಕಂದಿನಿಂದಲೇ ಕೇಳುತ್ತಿರಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಬಲಗಿವಿಯನ್ನು ಮೇಷ್ಟ್ರ ಹತ್ತಿರ ತಂದರು.

"ಕಿವಿ ವಿಷಯ ಇನ್ನೊಂದ್ಸಲ ಓದಪ್ಪ," ಎಂದರು.

ಬೈರೇಶ್ ಓದಿದರು.

"ಎಷ್ಟು ಸಲ ಬರೆಸಿದ್ಳು ಅಂದೆ?"

"ಮೂರು ಸಲ ಅಜ್ಜ. ಡಿಸೆಂಬರ್‌ನಲ್ಲಿ ಒಂದು, ಫೆಬ್ರವರಿಲೊಂದು. ಕೊನೇದು ಹೆರಿಗೆ ಆದ ಇಪ್ಪತ್ತು ದಿನಕ್ಕೆ."

ದೇವರಾಜ್ ಮೇಷ್ಟ್ರ ಕೈಯಿಂದ ಹಾಳೆ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ತಂಗಿಯನ್ನು ನೋಡಿ, "ಯಾಕೆ ಹೇಳ್ಲಿಲ್ಲ ಇದನ್ನ ಅಮ್ಮ?" ಎಂದರು. ಹೆತ್ತವಳಿಗೆ ಆ ಪದ ಅಣ್ಣನ ಬಾಯಲ್ಲಿ ಬಂದದ್ದನ್ನು ಪಿಳ್ಳಮ್ಮ ಮೊದಲ ಸಲ ಕೇಳಿದ್ದು ಆಗ. ಇಬ್ಬರೂ ಮುದುಕರಾಗಿದ್ದರು, ಕೇಳೋಣ ಎಂದರೆ ತಾಯಿ ಹೋಗಿ ಮೂವತ್ತಮೂರು ವರ್ಷವಾಗಿತ್ತು.

ಮಾರನೆಯ ದಿನ ದೇವರಾಜ್ ತಾವೇ ಪಂಚಾಯಿತಿಗೆ ನಡೆದುಹೋಗಿ ಸಹಿ ಹಾಕಿದರು.

ಇಲ್ಲಿ ಪಿಳ್ಳಮ್ಮ ಒಂದು ತಕರಾರು ತೆಗೆದರು. ಅಮ್ಮನ ಹೆಸರು ಹಾಕುವುದಾದರೆ ಪಕ್ಕದಲ್ಲಿ ಶಂಶುನ್ನೀಸಾ ಎಂದೂ ಬರೆಯಬೇಕು. ಇಲ್ಲವಾದರೆ ಎರಡೂ ಬೇಡ. ಪಂಚಾಯಿತಿಯವರು ತಲೆ ಮೇಲೆ ಕೈಹೊತ್ತರು. ಆಕೆ ಈ ಊರಿನವಳಲ್ಲ. ಹೋರಾಟಗಾರ್ತಿಯೂ ಅಲ್ಲ, ಯಾವುದೋ ಅಪರಾಧ ಮಾಡಿ ಒಳಗಿದ್ದವಳು. ವಿಷಯ ಗ್ರಾಮಸಭೆಗೆ ಹೋಯಿತು.

ಆ ಸಭೆಯ ಬಗ್ಗೆ ನನಗೆ ಹೇಳಿದ್ದು ನರ್ಸ್ ಶಾಝಿಯಾ. ಸಭಾಂಗಣದಲ್ಲಿ ಸುಮಾರು ನೂರೈವತ್ತು ಜನ. ಒಬ್ಬ ಸದಸ್ಯರು ಎದ್ದು, "ಕೈದಿ ಹೆಸರು ಕಲ್ಲಲ್ಲಿ ಬರೆದ್ರೆ ನಾಳೆ ಮಕ್ಕಳು ಏನು ಕಲೀತಾರೆ?" ಎಂದು ಕೇಳಿದರು. ಪಿಳ್ಳಮ್ಮ ಎದ್ದು ನಿಂತರು. ಅವರು ಯಾವತ್ತೂ ಸಭೆಯಲ್ಲಿ ಮಾತಾಡಿದವರಲ್ಲ.

"ನಮ್ಮಮ್ಮನೂ ಕೈದಿನೇ. ಸರ್ಕಾರದ ಪುಸ್ತಕದಲ್ಲಿ ಇಬ್ಬರಿಗೂ ಅದೇ ಹೆಸರು. ಅಮ್ಮ ಊರಿನ ರಾಗಿಗೆ ಕೂತ್ಳು, ಅದು ಅವಳ ರಾಗಿ. ಹೆತ್ತ ಕೂಸಿಗೆ ಕೂತ್ಳು, ಅದು ಅವಳ ಕೂಸು. ಆ ಶಂಶುನ್ನೀಸಾ ತಾಯಿಗೆ ನಾನು ಏನಾಗ್ಬೇಕಿತ್ತು? ಏನೂ ಇಲ್ಲ. ಸುಮ್ನೆ ಗಂಜಿ ಕುಡಿದಿದ್ರೆ ಯಾರು ಕೇಳ್ತಿದ್ರು? ನಾಲ್ಕು ದಿನ ಹಸ್ಕೊಂಡು ಕೂತ್ಳು. ಅದು ಹೋರಾಟ ಅಲ್ದಿದ್ರೆ ಯಾವುದು ಹೋರಾಟ ಅಂತ ನೀವೇ ಹೇಳ್ರಪ್ಪಾ."

ಆಮೇಲೆ ದೇವರಾಜ್ ಕೋಲೂರಿ ಎದ್ದರು. "ಆ ಸಾಬರಮ್ಮ ಇಲ್ದಿದ್ರೆ ನನಗೆ ತಂಗಿ ಇರ್ತಿರ್ಲಿಲ್ಲ. ಬರೀರಿ," ಎಂದು ಕೂತರು.

ಅಧ್ಯಕ್ಷರು ಕೈ ಎತ್ತಲು ಹೇಳಿದರು. ಮೊದಲು ಹಿಂದಿನ ಸಾಲಿನಲ್ಲಿ ಕೂಸು ಎತ್ತಿಕೊಂಡು ನಿಂತಿದ್ದ ಒಬ್ಬ ಹುಡುಗಿ ಕೈ ಎತ್ತಿದಳು. ನಂತರ ಹೆಂಗಸರ ಕಡೆಯ ಕುರ್ಚಿಗಳಲ್ಲಿ ಒಂದೊಂದೇ ಕೈ ಮೇಲೇರಿತು. ಅಲ್ಲಿದ್ದ ಹೆಂಗಸರಲ್ಲಿ ಪಿಳ್ಳಮ್ಮ ಬಾಣಂತನ ಮಾಡದವರು, ಅಥವಾ ಹುಟ್ಟಿದಾಗ ನೀರು ಹಾಕದವರು, ಬೆರಳೆಣಿಕೆಯಷ್ಟು. "ನೀವು ನೋಡ್ಬೇಕಿತ್ತು," ಎನ್ನುತ್ತಾರೆ ಶಾಝಿಯಾ. "ಅಧ್ಯಕ್ಷರು ಎಣಿಸೋಕೆ ಶುರು ಮಾಡಿ ಅರ್ಧಕ್ಕೇ ಬಿಟ್ಬಿಟ್ರು. ಅವರ ಹೆಂಡತೀನೇ ಎರಡನೇ ಸಾಲಲ್ಲಿ ಕೈ ಎತ್ಕೊಂಡು ಕೂತಿದ್ರು. ಆಮೇಲೆ ಪ್ರಶ್ನೆ ಕೇಳಿದ ಆ ಸದಸ್ಯರೂ ಎತ್ತಿದ್ರು."

ಮುಂದಿನ ಜನವರಿ ಇಪ್ಪತ್ತಾರಕ್ಕೆ ಕಲ್ಲು ನಿಂತಿತು. ನಾನು ಹೋಗಿ ನೋಡಿದೆ. ದೊಡ್ಡ ಕಲ್ಲೇನಲ್ಲ, ಎದೆಯೆತ್ತರ. ಹದಿನಾಲ್ಕು ಹೆಸರುಗಳ ಕೆಳಗೆ, ಅದೇ ಅಳತೆಯ ಅಕ್ಷರದಲ್ಲಿ, ಇನ್ನೆರಡು ಹೆಸರು. ಉಳಿದವರ ಮುಂದೆಲ್ಲ ತಂದೆಯ ಹೆಸರಿದೆ, ಊರಿದೆ. ಶಂಶುನ್ನೀಸಾ ಎಂಬುದರ ಮುಂದೆ ಏನೂ ಇಲ್ಲ. ಕಲ್ಲು ಕೆತ್ತುವವರು ಏನು ಬರೆಯಲಿ ಎಂದು ಕೇಳಿದಾಗ ಹೇಳಲು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಗೇಣೊಂದರಷ್ಟು ಜಾಗ ಹಾಗೇ ಬಿಟ್ಟಿದ್ದಾರೆ.

ದೇವರಾಜ್ ಹೋದ ವರ್ಷ ತೀರಿಕೊಂಡರು. ಅಲ್ಲಿಯವರೆಗೆ ಸಂಜೆಯ ವಾಕಿಂಗ್‌ಗೆಂದು ಬಂದವರು ಆ ಕಲ್ಲಿನ ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದರಂತೆ.

ಇಡೀ ಕತೆ ಕೇಳಿ ಮುಗಿಸುವಷ್ಟರಲ್ಲಿ ಪಿಳ್ಳಮ್ಮನಿಗೆ ಎರಡನೇ ಮನೆಗೆ ಹೊತ್ತಾಗಿದೆ. ಸಿಂಚನಾಳ ಮನೆಯಿಂದ ಎದ್ದು, ಚಪ್ಪಲಿ ಮೆಟ್ಟಿ, ಬೇಗ ಬೇಗ ಹೆಜ್ಜೆ ಹಾಕುತ್ತಾರೆ. ನಾನು ಹಿಂದೆ ಓಡುತ್ತೇನೆ. ಇಂಥ ತಾಯಿಗೆ ಹುಟ್ಟಿದ್ದಕ್ಕೆ ಹೆಮ್ಮೆ ಅನ್ನಿಸುತ್ತದೆಯೇ, ಇನ್ನೇನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ. ಹೆಮ್ಮೆ ಎಂದದ್ದಕ್ಕೆ ಅವರ ಹೆಜ್ಜೆ ಇನ್ನೂ ಬಿರುಸಾಗುತ್ತದೆ. ಆಸೆ ಎಂದದ್ದಕ್ಕೆ ನಿಲ್ಲುತ್ತಾರೆ.

ಅಮ್ಮಯಮ್ಮ ಬಿಡುಗಡೆಯಾದ ಮೂರು ವರ್ಷದ ಮೇಲೆ ಒಂದು ಬಾಟಲಿ ಹರಳೆಣ್ಣೆ ಹಿಡಿದುಕೊಂಡು ಶಂಶುನ್ನೀಸಾಳನ್ನು ನೋಡಲು ಜೈಲಿಗೆ ಹೋಗಿದ್ದರಂತೆ. ಬಿಡುಗಡೆಯಾಗಿ ಹೋದಳು ಎಂದರು. ಎಲ್ಲಿಗೆ ಎಂದು ಹೇಳಲಿಲ್ಲ. ಈಚೆಗೆ ಶಾಝಿಯಾ ಮತ್ತು ಪಿಳ್ಳಮ್ಮ ಬಸ್ಸಿನಲ್ಲಿ ಹೊಸಕೋಟೆಗೆ, ಜಡಿಗೇನಹಳ್ಳಿಗೆ, ಅನುಗೊಂಡನಹಳ್ಳಿಗೆ ಹೋಗಿ ಹಳಬರನ್ನೆಲ್ಲ ವಿಚಾರಿಸಿ ಬಂದಿದ್ದಾರೆ. ಸುಳಿವು ಸಿಕ್ಕಿಲ್ಲ. ಅವರಿಗೆ ಗೊತ್ತಿರುವುದು ಇನ್ನೊಂದೇ ಸಂಗತಿ: ಆಕೆಗೆ ಒಬ್ಬ ಮಗನಿದ್ದ. ಹೊರಗೆ ಬಿಟ್ಟು ಬಂದಿದ್ದ ಆ ಮಗನ ಹೆಸರನ್ನು ಕೂಸಿಗೆ ನೀರು ಹಾಕುವಾಗ ಹೇಳಿಕೊಳ್ಳುತ್ತಿದ್ದಳು.

"ನಜೀಬುಲ್ಲಾ ಅಂತ ಆ ಮಗನ ಹೆಸರು. ಈಗ ಇದ್ದಾನೋ ಇಲ್ವೋ. ಅವನ ಮಕ್ಕಳಿರಬಹುದು, ಮೊಮ್ಮಕ್ಕಳಿರಬಹುದು. ಜೈಲಿಗೆ ಹೋಗಿದ್ದ ಅಜ್ಜಿ ಅಂತ ಮನೇಲಿ ಹೆಸರೇ ಎತ್ತಲ್ವೇನೋ, ನಾಚಿಕೆ ಪಟ್ಕೊಂಡಿರ್ತಾರೇನೋ. ನೀವು ಪೇಪರ್ನಲ್ಲಿ ಬರೀತೀರಲ್ಲ, ಇದನ್ನೂ ಬರೀರಿ ಕಣಮ್ಮ. ಬರೋರು ಸೀದಾ ಬರ್ಲಿ, ಹುಣಸೆಪಾಳ್ಯದಲ್ಲಿ ಪಿಳ್ಳಮ್ಮನ ಮನೆ ಅಂದ್ರೆ ಯಾರು ಬೇಕಾದ್ರೂ ತೋರಿಸ್ತಾರೆ. ಹತ್ತು ಗಂಟೆ ಮೇಲೆ ಮನೇಲೇ ಇರ್ತೀನಿ. ಊಟ ಮಾಡ್ಕೊಂಡೇ ಹೋಗ್ಬೇಕು."